ಪೇಟೆಯ ಹಳೆಯ ಕಟ್ಟಡದ ಹಿಂದಿನ ಬಳಕೆಗಳನ್ನು ಹುಡುಕುವ ಬಗೆ

ಕಾಸರಗೋಡು ಪೇಟೆಯ ಹಳೆಯ ಕಟ್ಟಡವೊಂದು ಯಾವ ಕಾಲದಲ್ಲಿ ಯಾವುದಕ್ಕೆ ಬಳಕೆಯಾಗಿತ್ತೆಂದು ತಿಳಿಯಬೇಕಾದರೆ ಮೊದಲು ಕಟ್ಟಡವನ್ನೇ ನಿಧಾನವಾಗಿ ನೋಡಬೇಕು. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯಲ್ಲಿ ಮುಚ್ಚಿಹೋದ ಬಾಗಿಲಿನ ಗುರುತು, ನಿರೆಹಲಗೆಗಳನ್ನು ಜಾರಿಸಿ ಅಂಗಡಿ ಮುಚ್ಚುತ್ತಿದ್ದ ಹೊಸ್ತಿಲಿನ ಉದ್ದನೆಯ ಸೀಳು, ಇವು ಮನೆಯು ಅಂಗಡಿಯಾದುದನ್ನು ಕಾಗದಕ್ಕಿಂತ ಸ್ಪಷ್ಟವಾಗಿ ಹೇಳುತ್ತವೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಆದ್ದರಿಂದ ಕಾರ್ಖಾನೆಯ ಅಚ್ಚಿರುವ ಹೆಂಚಿನ ಮಾಡು (ಛಾವಣಿ) ಅದಕ್ಕಿಂತ ಹಿಂದಿನದಲ್ಲ, ಗೋಡೆ ಮಾತ್ರ ಹಿಂದಿನದಿರಬಹುದು.

ಬಳಿಕ ಸರ್ವೆ ನಂಬ್ರ ಹಿಡಿದು ದಾಖಲೆಗಳನ್ನು ನೋಡಿರಿ. 1956ರ ನವೆಂಬರ್ 1ರವರೆಗೆ ಈ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು ಅಂದು ಕೇರಳಕ್ಕೆ ಸೇರಿದುದರಿಂದ ಹಳೆಯ ಕ್ರಯಪತ್ರಗಳಲ್ಲಿ ಕನ್ನಡವೂ ನಂತರದವುಗಳಲ್ಲಿ ಮಲಯಾಳವೂ ಸಿಗುತ್ತವೆ. ಎರಡನ್ನೂ ಓದಬಲ್ಲ ಹಿರಿಯರೊಬ್ಬರು ಜೊತೆಗಿದ್ದರೆ ಒಳ್ಳೆಯದು. ನೆರೆಯ ಜಾಗಗಳ ಪತ್ರಗಳನ್ನೂ ಬಿಡಬೇಡಿ, ಏಕೆಂದರೆ ಅವುಗಳ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ಗಡಿಗಳ ವಿವರದಲ್ಲಿ, ನಿಮ್ಮ ಕಟ್ಟಡವು ಆ ವರ್ಷ ಏನಾಗಿತ್ತೆಂಬ ಉಲ್ಲೇಖ ಅನಾಯಾಸವಾಗಿ ದೊರೆಯುವುದುಂಟು.