ಪಾಳಿ ಹಾಕುವವರಿಗೆ ಓಟು, ವಾಲ್ವ್ ತಿರುಗಿಸುವವರಿಗೆ ನೇಮಕ: ನಮ್ಮ ಬಡಾವಣೆಯ ಅನುಭವ

ಕಲಬುರಗಿಯ ಆಳಂದ ರಸ್ತೆಯಲ್ಲಿ ರಿಂಗ್ ರೋಡ್ ದಾಟಿದ ಮೇಲೆ ಬರುವ ನಮ್ಮ ಬಡಾವಣೆಯಲ್ಲಿ ಈಗ ನೀರಿನ ಪಾಳಿ ತಪ್ಪುವುದಿಲ್ಲ. ಸುಮಾರು 240 ಮನೆ, ಎರಡು ಬೋರು, 50 ಸಾವಿರ ಲೀಟರಿನ ಒಂದು ಟ್ಯಾಂಕು, ನಾಲ್ಕು ಪೈಪ್ ಲೈನು. ಹೋದ ಮೇ ತಿಂಗಳಲ್ಲಿ ಒಂದು ಬೋರು ಅರ್ಧಕ್ಕೆ ಇಳಿದಾಗಲೂ ಕೊನೆಯ ಮನೆಯ ಸಂಪಿಗೆ ನೀರು ಮುಟ್ಟಿತು. ಹೊಸ ಬೋರು ಕೊರೆಸಿಲ್ಲ, ಹೊಸ ಪೈಪು ಎಳೆದಿಲ್ಲ. ಯಾವ ಕೆಲಸಕ್ಕೆ ಓಟು ಹಾಕಬೇಕು, ಯಾವ ಕೆಲಸಕ್ಕೆ ಮನುಷ್ಯನನ್ನು ನೇಮಿಸಬೇಕು ಎಂಬುದನ್ನು ಬೇರೆ ಬೇರೆ ಮಾಡಿದೆವು, ಅಷ್ಟೇ. ಮೊದಲು ಇದನ್ನು ಹೇಳಿದಾಗ ಬೇರೆ ಬಡಾವಣೆಗಳ ನಿವಾಸಿಗಳ ಸಂಘದವರು, "ಓಣ್ಯಾಗ ಎಲೆಕ್ಷನ್ ತಂದ್ರ ಜಾತಿ ಮ್ಯಾಲ ಹೊಡದಾಡ್ತಾರ, ಬ್ಯಾಡ್ರಿ ಅಣ್ಣಾರ" ಎಂದಿದ್ದರು. ಈಗ ಅವರೇ ನಮ್ಮ ಸಂಘದ ಬೈಲಾದ (ನಿಯಮ ಪುಸ್ತಕದ) ಝೆರಾಕ್ಸ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನೋಂದಣಿ, ಕೋರಂ, ನಡಾವಳಿ ಪುಸ್ತಕ ಇವೆಲ್ಲ ನಿಮಗೆ ಗೊತ್ತಿರುವುದೇ. ನಾನು ಪಿಗ್ಮಿ ಏಜೆಂಟ್, ದಿನಾ ಮನೆಮನೆಗೆ ಹೋಗಿ ಉಳಿತಾಯದ ದುಡ್ಡು ಕೂಡಿಸುವವನು. ಯಾವ ಮನೆಯಲ್ಲಿ ಯಾರು ದುಡ್ಡು ಎಣಿಸುತ್ತಾರೆ, ಯಾರು ಬಾಗಿಲು ತೆಗೆಯುತ್ತಾರೆ, ಯಾರ ಮಾತು ನಡೆಯುತ್ತದೆ ಎಂಬುದು ನನಗೆ ಬಾಯಿಪಾಠ. ಸಂಘದ ಕೆಲಸ ನನ್ನ ಹೆಗಲಿಗೆ ಬಂದದ್ದೂ ಇದೇ ಕಾರಣಕ್ಕೆ.

ಶುರುವಿನಲ್ಲಿ ಎಲ್ಲ ಹುದ್ದೆಗೂ ಚುನಾವಣೆ ಇತ್ತು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಸರಿ, ನೀರು ಬಿಡುವವನನ್ನೂ ಕೈ ಎತ್ತಿಸಿ ಆರಿಸಿದ್ದರು. ಗೆದ್ದವನು ಒಳ್ಳೆಯ ಹುಡುಗ. ಎರಡನೇ ಲೈನಿನಲ್ಲಿ ಅವನ ಬಳಗ ದೊಡ್ಡದು, ಓಟೂ ಅಲ್ಲಿಂದಲೇ ಹೆಚ್ಚು. ಈಗ ನಮ್ಮ ವಾಲ್ವ್ ಚೇಂಬರುಗಳ ಕಥೆ ಕೇಳಿ. ಗೇಟ್ ವಾಲ್ವ್ ಪೂರ್ತಿ ತೆರೆಯಲು ಹನ್ನೆರಡು ಸುತ್ತು ಬೇಕು. ಎರಡನೇ ಲೈನು ತಗ್ಗಿನಲ್ಲಿದೆ, ಅದಕ್ಕೆ ಐದು ಸುತ್ತು ಧಾರಾಳವಾಯಿತು. ನಾಲ್ಕನೆಯದು ದಿನ್ನೆಯ ಮೇಲಿದೆ. ಅದನ್ನು ಪೂರ್ತಿ ತೆರೆದು ಉಳಿದ ಮೂರನ್ನೂ ಬಿಗಿ ಮಾಡಿದರೆ ಮಾತ್ರ ಮೇಲಿನ ಮನೆಗಳಿಗೆ ನೀರು ಏರುತ್ತದೆ. ಹುಡುಗ ಎರಡನೇ ಲೈನಿಗೆ ಹನ್ನೆರಡೂ ಸುತ್ತು ತಿರುವಿ ಚಾ ಕುಡಿಯಲು ಹೋಗುತ್ತಿದ್ದ. ತಗ್ಗಿನ ಮನೆಗಳ ಸಂಪು ತುಂಬಿ ಗಟಾರಕ್ಕೆ ಹರಿಯುತ್ತಿತ್ತು, ದಿನ್ನೆಯವರು ಟ್ಯಾಂಕರಿಗೆ ಫೋನ್ ಮಾಡುತ್ತಿದ್ದರು. ಕೇಳಲು ಹೋದರೆ ಒಂದೇ ಉತ್ತರ: "ನನಗ ಮಂದಿ ಆರಿಸ್ಯಾರ, ನೀವ್ಯಾರು ಕೇಳ್ಲಾಕ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆರಿಸಿದವರು ಬಿಟ್ಟು ಬೇರೆ ಯಾರೂ ಅವನನ್ನು ತೆಗೆಯುವಂತಿರಲಿಲ್ಲ, ಅವಧಿಯೂ ಬರೆದಿರಲಿಲ್ಲ. ಒಂದು ಬೇಸಿಗೆ ರಾತ್ರಿ ಬೋರು ಖಾಲಿಯಾದರೂ ಮೋಟರು ಓಡುತ್ತಲೇ ಇತ್ತು, ಸುಟ್ಟಿತು. ಪೈಪು ಎತ್ತಿದ್ದು, ರೀವೈಂಡಿಂಗ್, ಮತ್ತೆ ಇಳಿಸಿದ್ದು ಎಲ್ಲ ಸೇರಿ 18 ಸಾವಿರದ ಹತ್ತಿರ ಹೋಯಿತು. ಖಜಾಂಚಿಯೂ ಓಟಿನಿಂದ ಬಂದವರೇ, ಎಲ್ಲರಿಗೂ ಬೇಕಾದವರು, ಆದರೆ ಲೆಕ್ಕ ಬರೆಯುವ ಅಭ್ಯಾಸ ಇಲ್ಲದವರು. ರಸೀದಿ ಪುಸ್ತಕದ ಎರಡು ಹೋಳು ಈವರೆಗೂ ತಾಳೆಯಾಗಿಲ್ಲ.

ಆಮೇಲೆ ಎಲ್ಲರಿಗೂ ಚುನಾವಣೆ ಎಂದರೆ ಸಿಟ್ಟು. ಹಿರಿಯರು ಕೂತು ಎಲ್ಲವನ್ನೂ ನೇಮಕ ಮಾಡಿದರು. ನಿವೃತ್ತ ಎಂಜಿನಿಯರ್ ಒಬ್ಬರು ಅಧ್ಯಕ್ಷರು, ಬ್ಯಾಂಕಿನವರು ಒಬ್ಬರು ಲೆಕ್ಕಕ್ಕೆ, ಪಂಪ್ ಆಪರೇಟರ್ ಕೆಲಸ ಬಲ್ಲ ಒಬ್ಬನಿಗೆ ತಿಂಗಳ ಸಂಬಳ. ವಾಲ್ವ್ ಸುತ್ತು ಕರಾರುವಾಕ್ಕಾಯಿತು, ಮೋಟರು ಸುಡಲಿಲ್ಲ. ಆದರೂ ಸಂಘ ಮುಳುಗುವ ಹಂತಕ್ಕೆ ಬಂತು. ಪಾಳಿ ಹಾಕಿದ್ದು ಅಧ್ಯಕ್ಷರು ತಮ್ಮ ಲೆಕ್ಕಾಚಾರದಂತೆ: ದಿನ್ನೆಗೆ ರಾತ್ರಿ ಎರಡು ಗಂಟೆಗೆ ನೀರು. ಒತ್ತಡದ ಲೆಕ್ಕ ಸರಿಯೇ ಇತ್ತು. ಆದರೆ ರಾತ್ರಿ ಎರಡಕ್ಕೆ ಎದ್ದು ಕೊಡ ತುಂಬುವವರು ಯಾರು? ಹೆಂಗಸರು. ಅವರನ್ನು ಯಾರೂ ಕೇಳಿರಲಿಲ್ಲ. ತಿಂಗಳಿಗೆ ಮನೆಗೆ 100 ರೂಪಾಯಿ ವಂತಿಗೆ ಇತ್ತು, 24 ಸಾವಿರ ಬರಬೇಕಾದಲ್ಲಿ 10–11 ಸಾವಿರಕ್ಕೆ ಬಿತ್ತು. ಪಿಗ್ಮಿಗೆ ಹೋದಾಗ ನನ್ನ ಕೈಗೆ ದಿನಾ 50 ರೂಪಾಯಿ ಕೊಡುತ್ತಿದ್ದ ಅಕ್ಕಾರು, ಸಂಘದ ರಸೀದಿ ತೆಗೆದರೆ ಬಾಗಿಲು ಹಾಕುತ್ತಿದ್ದರು. "ನಮಗ ಕೇಳ್ಲಾರ್ದ ಮಾಡೋರು ನಮಗ ರೊಕ್ಕಾ ಯಾಕ ಕೇಳ್ತೀರಿ?" ಎಂದು ಒಬ್ಬರು ಮುಖಕ್ಕೇ ಹೇಳಿದರು.

ನನ್ನ ವಿಂಗಡಣೆ ಅಲ್ಲಿಂದ ಹುಟ್ಟಿತು. ಸಂಘದ ಒಂದೊಂದು ಕೆಲಸವನ್ನೂ ಹಾಳೆಯ ಮೇಲೆ ಬರೆದು ಒಂದೇ ಪ್ರಶ್ನೆ ಹಾಕಿದೆ: ಈ ಕೆಲಸಕ್ಕೆ ತಿಳಿದವರೆಲ್ಲ ಒಪ್ಪುವ ಒಂದು ಸರಿಯಾದ ರೀತಿ ಇದೆಯೋ, ಇಲ್ಲ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗುವ ಹಂಚಿಕೆಯೋ? ವಾಲ್ವ್ ತಿರುಗಿಸುವುದು, ಮೋಟರು ನೋಡುವುದು, ಲೆಕ್ಕ ಬರೆಯುವುದು, ಕ್ಲೋರಿನ್ ಹಾಕುವುದು ಮೊದಲನೇ ಬಗೆ. ಅದಕ್ಕೆ ಬಲ್ಲವರು ಬೇಕು, ತಪ್ಪಿದರೆ ಮರುದಿನವೇ ತೆಗೆಯಲು ಬರಬೇಕು. ನೇಮಕವೇ ಸರಿ. ಯಾವ ಲೈನಿಗೆ ಯಾವ ಹೊತ್ತು, ಬೇಸಿಗೆಯಲ್ಲಿ ಯಾರಿಗೆ ಎಷ್ಟು ಕಡಿತ, ವಂತಿಗೆ ಎಷ್ಟು, ಬಡವರಿಗೆ ಮಾಫಿ ಎಷ್ಟು, ಇವು ಎರಡನೇ ಬಗೆ. ಇಲ್ಲಿ ಎಂಜಿನಿಯರಿಗೂ ನನಗೂ ವ್ಯತ್ಯಾಸವಿಲ್ಲ, ಇಲ್ಲಿ ಓಟೇ ಬೇಕು.

ಈಗಿನ ಕ್ರಮ: ಲೈನಿಗೆ ಇಬ್ಬರು ಪ್ರತಿನಿಧಿಗಳು, ಅದರಲ್ಲಿ ಒಬ್ಬರು ಕಡ್ಡಾಯವಾಗಿ ಹೆಣ್ಣುಮಕ್ಕಳು. ಮನೆಗೆ ಎರಡು ಓಟು, ಅದರಲ್ಲೂ ಒಂದು ಹೆಣ್ಣುಮಕ್ಕಳದ್ದು. ಬಾಡಿಗೆಯವರಿಗೂ ಓಟಿದೆ. ಇದಕ್ಕೆ ಮನೆ ಮಾಲೀಕರು ತಿಂಗಳುಗಟ್ಟಲೆ ಜಗ್ಗಾಡಿದರು, ನಾನು ಬಿಡಲಿಲ್ಲ. ನೀರು ತುಂಬುವವರು ಬಾಡಿಗೆಯವರು, ವಂತಿಗೆ ಕೊಡುವವರೂ ಅವರೇ. ಪಂಪ್ ಆಪರೇಟರ್ ಮತ್ತು ಲೆಕ್ಕದವರು ಸಭೆಯಲ್ಲಿ ಕೂರುತ್ತಾರೆ, ಮಾತಾಡುತ್ತಾರೆ, ಆದರೆ ಓಟು ಹಾಕುವುದಿಲ್ಲ. ಇದು ನನ್ನ ಕಲ್ಪನೆಯಲ್ಲ. ಸಂವಿಧಾನದ 74ನೇ ತಿದ್ದುಪಡಿಯಲ್ಲೇ ಇದೆ: ಪೌರಾಡಳಿತದಲ್ಲಿ ವಿಶೇಷ ಜ್ಞಾನ, ಅನುಭವ ಇದ್ದವರನ್ನು ಪಾಲಿಕೆಗೆ ನಾಮನಿರ್ದೇಶನ ಮಾಡಬಹುದು, ಸಭೆಯಲ್ಲಿ ಅವರಿಗೆ ಮತದ ಹಕ್ಕಿಲ್ಲ. ಆ ಒಂದು ಸಾಲು ಓದಿ ಹೇಳಿದ ಮೇಲೆ ನಿವೃತ್ತ ಎಂಜಿನಿಯರರೂ ಒಪ್ಪಿದರು. ಈಗ ಅವರು ಸಲಹೆಗಾರರು.

ಹೊಸ ಪ್ರತಿನಿಧಿಗಳ ಮೊದಲ ಸಭೆಯಲ್ಲೇ ದಿನ್ನೆಯ ಪಾಳಿ ರಾತ್ರಿ ಎರಡರಿಂದ ಬೆಳಿಗ್ಗೆ ಐದೂವರೆಗೆ ಬಂತು. ಒತ್ತಡ ಸಾಲುವುದಿಲ್ಲ ಎಂದು ಆಪರೇಟರ್ ಹೇಳಿದ. ಅದಕ್ಕೆ ತಗ್ಗಿನ ಲೈನಿನ ಅಕ್ಕಾರೇ ತಮ್ಮ ಪಾಳಿ ಒಂದು ತಾಸು ಹಿಂದೆ ಸರಿಸಿಕೊಂಡರು. ನೇಮಕವಾದ ಯಾವ ಅಧ್ಯಕ್ಷರೂ ಇದನ್ನು ಅವರಿಂದ ಕೇಳಿ ಪಡೆಯಲು ಆಗುತ್ತಿರಲಿಲ್ಲ.

ಅಧ್ಯಕ್ಷರ ವಿಷಯದಲ್ಲಿ ಬಹಳ ಏಗಬೇಕಾಯಿತು. ನೇರ ಚುನಾವಣೆ ಮಾಡಿ ನೋಡಿದೆವು. ಮಧ್ಯಪ್ರದೇಶ, ಉತ್ತರಪ್ರದೇಶದಲ್ಲಿ ಮೇಯರನ್ನು ಜನರೇ ಆರಿಸುತ್ತಾರಲ್ಲ, ಹಾಗೆ. ನಮ್ಮಲ್ಲಿ ಅದು ನಡೆಯಲಿಲ್ಲ. ಅಧ್ಯಕ್ಷರು "ನನಗ ಇಡೀ ಬಡಾವಣಿ ಆರಿಸ್ಯಾದ" ಎನ್ನುವರು, ಪ್ರತಿನಿಧಿಗಳು ಒಂದಾಗಿ ಅವರ ಎಲ್ಲ ಠರಾವನ್ನೂ ಬೀಳಿಸುವರು. ಆಮೇಲೆ ಎಂಟು ಪ್ರತಿನಿಧಿಗಳೇ ತಮ್ಮಲ್ಲಿ ಒಬ್ಬರನ್ನು ಆರಿಸುವುದು, ವರ್ಷಕ್ಕೊಬ್ಬರು ಎಂದಾಯಿತು. ಅದೂ ಕೆಟ್ಟಿತು. ಬಂದವರೆಲ್ಲ ಪಾಳಿ ಬದಲಿಸುವುದು, ಜನ ಹೊಸ ಹೊತ್ತಿಗೆ ಒಗ್ಗುವಷ್ಟರಲ್ಲಿ ಮುಂದಿನವರು ಬರುವುದು. ನಮ್ಮ ಪಾಲಿಕೆಯ ಮೇಯರ್ ಪೀಠವನ್ನೇ ನೋಡಿ. ಶಹಾಬಾದ ನಗರಸಭೆ, ಆಳಂದ ಪುರಸಭೆಯ ಅಧ್ಯಕ್ಷರಿಗೆ ಕಾಯ್ದೆಯಲ್ಲಿ 30 ತಿಂಗಳು ಇರುವಾಗ 55 ವಾರ್ಡಿನ, 2011ರ ಜನಗಣತಿಯಲ್ಲೇ ಐದು ಲಕ್ಷ ದಾಟಿದ ಕಲಬುರಗಿಯ ಮೇಯರ್‌ಗೆ 12 ತಿಂಗಳು ಯಾಕೆ? ಮೀಸಲಾತಿ ಸರದಿ ಎಲ್ಲರಿಗೂ ಮುಟ್ಟಲಿ ಎಂಬ ಉದ್ದೇಶ ನನಗೆ ಗೌರವದ್ದೇ. ಸರದಿಯನ್ನು 30 ತಿಂಗಳಿಗೂ ಹಾಕಬಹುದು. ವರ್ಷದಲ್ಲಿ ಒಂದು ಬಜೆಟ್ ಮಂಡಿಸಿ ಎದ್ದುಹೋಗುವವರ ಮಾತನ್ನು, ಸರ್ಕಾರದಿಂದ ನೇಮಕವಾಗಿ ಸರ್ಕಾರಕ್ಕೇ ಉತ್ತರ ಕೊಡುವ ಆಯುಕ್ತರು ಎಷ್ಟು ದಿನ ಕಿವಿಗೆ ಹಾಕಿಕೊಂಡಾರು? ಆಯುಕ್ತರು ನೇಮಕವಾಗಿಯೇ ಇರಲಿ, ಆರೋಗ್ಯ ನಿರೀಕ್ಷಕರು, ನೀರು ಸರಬರಾಜು ಎಂಜಿನಿಯರ್ ಸಹ. ಆದರೆ ಹಂಚಿಕೆ ಮಾಡುವ ಕುರ್ಚಿಗೆ ಕಾಲ ಕೊಡಬೇಕು. ನಾವು ಕೊಟ್ಟೆವು. ನಮ್ಮ ಅಧ್ಯಕ್ಷರಿಗೆ ಪ್ರತಿನಿಧಿಗಳ ಪೂರ್ತಿ ಎರಡು ವರ್ಷವೂ ಅಧಿಕಾರ.

ತಾರೀಖಿನ ವಿಷಯದಲ್ಲಿ ನಾನು ಹಟಮಾರಿ. 2021ರ ಸೆಪ್ಟೆಂಬರಿನಲ್ಲಿ ನಾವೆಲ್ಲ ಸಾಲಿನಲ್ಲಿ ನಿಂತು ಪಾಲಿಕೆಗೆ ಓಟು ಹಾಕಿದೆವು. ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ, ಮೇಯರ್ ಆಯ್ಕೆ ನಡೆದದ್ದು 2023ರಲ್ಲಿ. ಆರಿಸಿ ಬಂದವರಿದ್ದೂ ಪೀಠ ಖಾಲಿ ಇದ್ದ ಆ ಒಂದೂವರೆ ವರ್ಷ ನನಗೆ ಪಾಠ. ನಮ್ಮ ಬೈಲಾದಲ್ಲಿ ಚುನಾವಣೆಯ ತಾರೀಖನ್ನು ಯಾರೂ ಗೊತ್ತುಮಾಡುವಂತಿಲ್ಲ, ಅದು ಮೊದಲೇ ಬರೆದಿದೆ: ಯುಗಾದಿಯ ನಂತರದ ಎರಡನೇ ಭಾನುವಾರ. ಅಂದು ಆಗದಿದ್ದರೆ ಹಳೆಯ ಸಮಿತಿಯ ಸಹಿಗೆ ಬ್ಯಾಂಕಿನಲ್ಲಿ ದುಡ್ಡು ತೆಗೆಯುವ ಅಧಿಕಾರ ಇರುವುದಿಲ್ಲ. ಬ್ಯಾಂಕಿಗೆ ಆ ಪತ್ರ ಹೇಗೆ ಬರೆದು ಒಪ್ಪಿಸಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಬಂದು ಭೇಟಿಯಾದವರಿಗೆ ತೋರಿಸುತ್ತೇನೆ.

ಎರಡು ವರ್ಷ ಕೊಟ್ಟರೆ ಮೆರೆಯುತ್ತಾರೆ ಎಂಬ ಭಯ ಇತ್ತು. ಅದಕ್ಕೆ ಮದ್ದು ಮಧ್ಯಪ್ರದೇಶದ್ದೇ. ಅಲ್ಲಿನ ನಗರ ಸಂಸ್ಥೆಗಳಲ್ಲಿ ಆರಿಸಿದ ಅಧ್ಯಕ್ಷರನ್ನು ಅವಧಿಯ ನಡುವೆ ವಾಪಸು ಕರೆಸಲು ಮತದಾನ ನಡೆದದ್ದಿದೆ. ಚಿಹ್ನೆ ಎರಡೇ, ಹೋಗಲಿ ಎಂದರೆ ಖಾಲಿ ಕುರ್ಸಿ, ಇರಲಿ ಎಂದರೆ ಭರೀ ಕುರ್ಸಿ (ಕೂತವರಿರುವ ಕುರ್ಚಿ). ನಾವು ಕುರ್ಚಿಯ ಬದಲು ಕಾಳು ಇಟ್ಟೆವು. ವರ್ಷ ತುಂಬಿದ ಮೇಲೆ ಪ್ರತಿ ಲೈನಿನಲ್ಲಿ ಎರಡು ಗಡಿಗೆ, ಬಾಯಿಗೆ ಅರಿವೆ ಕಟ್ಟಿ ಕೈ ಹೋಗುವಷ್ಟು ಸೀಳು. ಓಟುದಾರರ ಕೈಗೆ ಒಂದು ತೊಗರಿ, ಒಂದು ಕಡಲೆ. ಪ್ರತಿನಿಧಿ ಇರಲಿ ಎಂದರೆ ತೊಗರಿಯನ್ನು ಮೊದಲ ಗಡಿಗೆಗೆ, ಹೋಗಲಿ ಎಂದರೆ ಕಡಲೆಯನ್ನು. ಉಳಿದ ಕಾಳು ಎರಡನೇ ಗಡಿಗೆಗೆ. ಎರಡೂ ಗಡಿಗೆಯ ಕಾಳುಗಳ ಸಂಖ್ಯೆ ಒಂದೇ ಬರಬೇಕು, ಬರದಿದ್ದರೆ ಮತ್ತೆ ಮತದಾನ. ಮೊದಲ ಸಲ ಒಂದೇ ಗಡಿಗೆ ಇಟ್ಟಿದ್ದಾಗ ಯಾರೋ ಒಂದು ಮುಷ್ಟಿ ತೊಗರಿ ಸುರಿದಿದ್ದರು, ಎರಡನೇ ಗಡಿಗೆ ಬಂದದ್ದು ಆ ಮೇಲೆ. ಓದು ಬಾರದ ಅಜ್ಜಿಯರಿಗೂ ಇದು ತಿಳಿಯಿತು, ಮುಷ್ಟಿ ಮುಚ್ಚಿದರೆ ಗುಟ್ಟೂ ಉಳಿಯಿತು. ಒಬ್ಬ ಪ್ರತಿನಿಧಿ ಹೀಗೇ ಕೆಳಗಿಳಿದರು. ಸಭೆಗೆ ಬರುತ್ತಿರಲಿಲ್ಲ, ಅಷ್ಟೇ ಕಾರಣ. ಜಾತಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಓಟನ್ನು ಲೈನಿನ ಮೇಲೆ ಕಟ್ಟಿದರೆ ಜನ ಲೈನಿನ ನೀರನ್ನೇ ನೋಡುತ್ತಾರೆ.

ಮಿಸ್ಡ್ ಕಾಲ್ ಮತದಾನವನ್ನೂ ನೋಡಿದೆವು. ಒಂದೇ ಮನೆಯಿಂದ ನಾಲ್ಕು ಸಿಮ್ಮಿನ ಕರೆ ಬಂತು, ಆ ಅಜ್ಜಿಯರ ಒಂದೂ ಬರಲಿಲ್ಲ. ಬಿಟ್ಟೆವು.

ಖರ್ಚಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಚುನಾವಣೆಗೆ ಚೀಟಿ, ಶಾಮಿಯಾನ, ಮೈಕು, ಚಾ, ಸೂಸಲಾ ಎಲ್ಲ ಸೇರಿ 6–7 ಸಾವಿರ. ಕಾಳಿನ ಮತದಾನಕ್ಕೆ ಸಾವಿರವೂ ಆಗುವುದಿಲ್ಲ. ಆಪರೇಟರಿಗೆ 9 ಸಾವಿರ, ಲೆಕ್ಕದವರಿಗೆ 1,500, ಇವು ತಿಂಗಳ ಖರ್ಚು. ವಂತಿಗೆಯನ್ನು ಪ್ರತಿನಿಧಿಗಳೇ 150ಕ್ಕೆ ಏರಿಸಿದರು, ಮೂವತ್ತರ ಸುಮಾರು ಮನೆಗಳಿಗೆ ಮಾಫಿ. ಆದರೂ 29–30 ಸಾವಿರ ಬರುತ್ತದೆ. ಅದೇ ಜನ, ಅದೇ ಬಾಗಿಲು. ವಸೂಲಿಗೆ ಯಾವ ಮನೆಯಿಂದ, ಯಾವ ಹೊತ್ತಿಗೆ ಶುರುಮಾಡಬೇಕು ಎಂಬುದು ನನ್ನ ಪಿಗ್ಮಿ ವಿದ್ಯೆ, ಅದು ನನ್ನಲ್ಲೇ ಇರಲಿ. ಲೆಕ್ಕ ತಪಾಸಣೆಗೆ ಮಾತ್ರ ಓಟೂ ಇಲ್ಲ, ನಮ್ಮ ನೇಮಕವೂ ಇಲ್ಲ. ಸೇಡಂ ರಸ್ತೆ ಕಡೆಯ ಒಂದು ಸಂಘದವರು ನಮ್ಮದನ್ನು ನೋಡುತ್ತಾರೆ, ಅವರದ್ದನ್ನು ನಾವು.

ಎರೆ ಮಣ್ಣಿನಲ್ಲಿ ಬೇಸಿಗೆಗೆ ನೆಲ ಬಿರಿದು ಪೈಪಿನ ಜಾಯಿಂಟ್ ಬಿಡುವುದು ನಿಮಗೆಲ್ಲ ಗೊತ್ತು. ಮೊದಲು ಅದಕ್ಕೂ ರಾಜಕೀಯ ಇತ್ತು, ಯಾರ ಮನೆ ಮುಂದಿನದು ಮೊದಲು ಎಂದು. ಈಗ ಸೋರಿಕೆಯ ಸರದಿ ಆಪರೇಟರನದ್ದು, ಪ್ರತಿನಿಧಿಗಳು ಬಾಯಿ ಹಾಕುವಂತಿಲ್ಲ. ಸೋರಿಕೆಗೆ ಸರಿಯಾದ ಕ್ರಮ ಒಂದೇ ಇದೆ, ಹೆಚ್ಚು ಸೋರುವುದು ಮೊದಲು.

ಇನ್ನು ವಾರ್ಡ್ ಸಮಿತಿ. ಕರ್ನಾಟಕ ಪೌರ ನಿಗಮಗಳ ಕಾಯ್ದೆಯಂತೆ ಪಾಲಿಕೆ ಸದಸ್ಯರೇ ಅದರ ಅಧ್ಯಕ್ಷರು, ಉಳಿದ 10 ಮಂದಿ ನಾಮನಿರ್ದೇಶಿತರು. ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ, ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಚರಂಡಿ ಎಲ್ಲಿ ಮೊದಲು, ಬೀದಿ ದೀಪ ಯಾವ ಓಣಿಗೆ ಎಂದು ಹೇಳುವ ಸಮಿತಿ ಅದು. ನನ್ನ ಅಳತೆಯಲ್ಲಿ ಅಪ್ಪಟ ಹಂಚುವ ಕೆಲಸ, ಓಟಿನಿಂದಲೇ ತುಂಬಬೇಕಾದದ್ದು. ಕಾಯ್ದೆ ಬದಲಾಗುವವರೆಗೆ ಕಾಯಬೇಕಿಲ್ಲ. ನೇಮಕ ಮಾಡುವವರ ಕೈಗೆ ಜನ ಆರಿಸಿದ ಹೆಸರುಗಳ ಪಟ್ಟಿ ಕೊಡಬಾರದೆಂದು ಎಲ್ಲಿಯೂ ಬರೆದಿಲ್ಲ. ನಮ್ಮ ಪಟ್ಟಿ ಸಿದ್ಧವಾಗಿದೆ, ಯಾರಿಗೆ ಎಷ್ಟು ಓಟು ಬಿದ್ದಿದೆ ಎಂಬುದರ ಸಮೇತ. ನಿಮ್ಮ ವಾರ್ಡಿನಲ್ಲೂ ನಾಲ್ಕೈದು ಬಡಾವಣೆಗಳು ಸೇರಿ ಇದನ್ನೇ ಮಾಡಿ, ಒಟ್ಟಿಗೇ ಪಾಲಿಕೆಗೆ ಒಯ್ದು ಕೊಡೋಣ. ಗಡಿಗೆಗಳನ್ನು ನಾನು ಎರವಲು ಕೊಡುತ್ತೇನೆ, ತೊಗರಿ ಕಡಲೆ ನೀವು ತನ್ನಿ.