ಇದು ಯಾರ ಟ್ರೈನು? ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ ರೈಲು-ಬಸ್ಸಿನ ಮಾಹಿತಿ ಹುಡುಕುವ ದಾರಿ

ನಾವು ಈ ದೇಶಕ್ಕೆ ಬಂದು ಎರಡು ತಿಂಗಳಾಗಿತ್ತು. ಭಾನುವಾರ ಬೆಳಿಗ್ಗೆ ಯುಗಾದಿ ಕಾರ್ಯಕ್ರಮಕ್ಕೆಂದು ಹೆಂಡತಿ ರೇಷ್ಮೆ ಸೀರೆ ಉಟ್ಟು, ನಾನು ಜುಬ್ಬಾ ಹಾಕಿಕೊಂಡು ಸ್ಟೇಷನ್ನಿಗೆ ಹೋದರೆ ಪ್ಲಾಟ್‌ಫಾರ್ಮಿನಲ್ಲಿ ನರಪಿಳ್ಳೆಯಿಲ್ಲ. ಹೊರಗೆ ಒಂದು ಬಸ್ಸು ನಿಂತಿತ್ತು. ಟ್ರೈನಿನ ಬದಲು ಅದು. ಊರೂರು ಸುತ್ತಿಕೊಂಡು ನಾವು ಹಾಲ್ ಮುಟ್ಟುವ ಹೊತ್ತಿಗೆ ಮಕ್ಕಳ ಡ್ಯಾನ್ಸೂ ಮುಗಿದಿತ್ತು, ಒಬ್ಬಟ್ಟೂ ಮುಗಿದಿತ್ತು. ಯಾರನ್ನು ಬೈಯೋಣ ಅಂತ ಹಿಂದಿನ ರಾತ್ರಿ ತೆಗೆದಿಟ್ಟಿದ್ದ ಸ್ಕ್ರೀನ್‌ಶಾಟ್ ನೋಡಿದೆ. ಹೊರಡುವ ಸಮಯದ ಪಕ್ಕದಲ್ಲೇ ಪುಟ್ಟದೊಂದು ಬಸ್ಸಿನ ಚಿತ್ರ! ಎಂದಿನ ಮುಕ್ಕಾಲು ಗಂಟೆಯ ದಾರಿಗೆ ಒಂದೂ ಮುಕ್ಕಾಲು ಗಂಟೆ ಅಂತಲೂ ಬರೆದಿತ್ತು. ಹೇಳುವುದನ್ನೆಲ್ಲ ಅವರು ಹೇಳಿದ್ದರು, ನೋಡದೆ ಹೋದವನು ನಾನು.

ಹೊಸದಾಗಿ ಬಂದವರು ನನಗೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಯಾವ ಆ್ಯಪ್ ಹಾಕಿಕೊಳ್ಳಲಿ ಅಣ್ಣಾ?" ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ಬೇರೆ ಇದೆ. ಇಲ್ಲಿ ರೈಲು ಓಡಿಸುವವರು ಒಬ್ಬರು, ಹಳಿಯ ಯಜಮಾನರು ಇನ್ನೊಬ್ಬರು, ಇವರಿಬ್ಬರ ಮೇಲೂ ಕಣ್ಣಿಡುವವರು ಮತ್ತೊಬ್ಬರು. ಮಾಹಿತಿ ಅಂತರ್ಜಾಲದಲ್ಲಿ ಧಾರಾಳವಾಗಿದೆ. ಆದರೆ ಒಬ್ಬೊಬ್ಬರ ಜೇಬಿನಲ್ಲಿ ಒಂದೊಂದು ತುಂಡು. ಯಾವ ಪ್ರಶ್ನೆಯನ್ನು ಯಾರ ಬಾಗಿಲಲ್ಲಿ ಕೇಳಬೇಕು ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಆದಂತೆ.

ಹಳಿ, ಸಿಗ್ನಲ್ಲು, ಸೇತುವೆಗಳು ನೆಟ್‌ವರ್ಕ್ ರೈಲ್‌ನವು. ಅದು ಸರ್ಕಾರಿ ಸಂಸ್ಥೆ. ಭಾನುವಾರದ ಹಳಿ ದುರಸ್ತಿ ಇವರ ಕೆಲಸ. ಟ್ರೈನು ಓಡಿಸುವವರು ಬೇರೆ ಬೇರೆ ಕಂಪನಿಗಳು. ಇವು ಈಗ ಒಂದೊಂದಾಗಿ ಸರ್ಕಾರದ ಕೈಗೆ ಬರುತ್ತಿವೆ. 2024ರ ಕಾಯ್ದೆಯಡಿ ಮೊದಲು ಬಂದದ್ದು ಸೌತ್ ವೆಸ್ಟರ್ನ್ ರೈಲ್ವೆ, 2025ರ ಮೇ 25ರಂದು. ಎಲ್‌ಎನ್‌ಇಆರ್, ನಾರ್ದರ್ನ್, ಸೌತ್‌ಈಸ್ಟರ್ನ್ ಅದಕ್ಕೂ ಮೊದಲೇ ಸರ್ಕಾರದ್ದಾಗಿದ್ದವು. ಮುಂದೆ ಇವನ್ನೆಲ್ಲ ಗ್ರೇಟ್ ಬ್ರಿಟಿಷ್ ರೈಲ್ವೇಸ್ ಎಂಬ ಒಂದೇ ಸೂರಿನಡಿ ತರುವ ಯೋಜನೆಯಿದೆ. ಹಾಗಾಗಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೂರು ವರ್ಷದ ಹಿಂದೆ ಯಾರೋ ಹಾಕಿದ ಪಟ್ಟಿಯನ್ನು ನಂಬಿ ಕೂರಬೇಡಿ. ಸ್ಕಾಟ್ಲೆಂಡಿನಲ್ಲಿ ಸ್ಕಾಟ್‌ರೈಲ್ 2022ರ ಏಪ್ರಿಲ್‌ನಿಂದ ಅಲ್ಲಿನ ಸರ್ಕಾರದ್ದು. ಅಲ್ಲಿ ಜನಸಂದಣಿಯ ಹೊತ್ತಿನ ದುಬಾರಿ ಟಿಕೆಟ್ ಎಂಬುದನ್ನೇ 2025ರ ಸೆಪ್ಟೆಂಬರ್‌ನಿಂದ ತೆಗೆದುಹಾಕಿದ್ದಾರೆ. ಎಡಿನ್‌ಬರೋಗೆ ಬಂದಿಳಿದವರಿಗೆ ಲಂಡನ್ನಿನ ಸ್ನೇಹಿತರು ಹೇಳುವ ಲೆಕ್ಕ ನಡೆಯುವುದಿಲ್ಲ.

ಇನ್ನು ವೆಬ್ ವಿಳಾಸದ ಕೊನೆ ನೋಡುವ ಅಭ್ಯಾಸ. ಡಾಟ್ ಗವ್ ಡಾಟ್ ಯುಕೆ ಅಂತ ಮುಗಿದರೆ ಅದು ಸಾರ್ವಜನಿಕ ಸಂಸ್ಥೆಯದು. ಲಂಡನ್ನಿನ ಟಿಎಫ್‌ಎಲ್, ಅಂದರೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್, ಹೀಗೆಯೇ ಮುಗಿಯುತ್ತದೆ. ಆದರೆ ನ್ಯಾಷನಲ್ ರೈಲ್ ತಾಣದ ವಿಳಾಸ ಹಾಗೆ ಮುಗಿಯುವುದಿಲ್ಲ, ಆದರೂ ಅದು ಅಸಲಿಯೇ. ರೈಲು ಕಂಪನಿಗಳೆಲ್ಲ ಸೇರಿ ಕಟ್ಟಿದ ತಾಣ ಅದು. ಅದರ ಹಿಂದಿರುವ ಡಾರ್ವಿನ್ ಎಂಬ ವ್ಯವಸ್ಥೆಯೇ ಸ್ಟೇಷನ್ನಿನ ಬೋರ್ಡಿಗೂ ಬೇರೆ ಆ್ಯಪ್‌ಗಳಿಗೂ ಟ್ರೈನು ಎಲ್ಲಿದೆ ಎಂಬ ಸುದ್ದಿ ಕಳಿಸುವುದು. ಆ ಆ್ಯಪೋ ಈ ಆ್ಯಪೋ ಎಂಬ ಜಗಳ ಅದಕ್ಕೇ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ, ನೀರೆಲ್ಲ ಒಂದೇ ಕೆರೆಯದು. ವ್ಯತ್ಯಾಸ ಇರುವುದು ದುಡ್ಡಿನಲ್ಲಿ. ಟಿಕೆಟ್ ಮಾರುವ ಕೆಲವು ಖಾಸಗಿ ಆ್ಯಪ್‌ಗಳು ಬುಕಿಂಗ್ ಶುಲ್ಕ ಹಾಕುತ್ತವೆ. ರೈಲು ಕಂಪನಿಯ ಸ್ವಂತ ತಾಣದಲ್ಲಿ ಅದಿಲ್ಲ.

ಲಂಡನ್ನಿನಲ್ಲಿ ಅಥವಾ ಅದರ ಅಕ್ಕಪಕ್ಕ ಇರುವವರು ಟಿಎಫ್‌ಎಲ್ ತಾಣದಲ್ಲಿ ಒಂದು ಖಾತೆ ಮಾಡಿಕೊಂಡುಬಿಡಿ. ಟ್ಯಾಪ್ ಮಾಡಿದ್ದೆಲ್ಲ, ಅಂದರೆ ಗೇಟಿನ ಯಂತ್ರಕ್ಕೆ ಕಾರ್ಡು ಮುಟ್ಟಿಸಿದ್ದೆಲ್ಲ, ಅಲ್ಲಿ ಕಾಣುತ್ತದೆ. ಒಳಗೆ ಟ್ಯಾಪ್ ಮಾಡಿ ಹೊರಗೆ ಮರೆತರೆ ಗರಿಷ್ಠ ದರ ಮುರಿದುಕೊಳ್ಳುತ್ತಾರೆ, ಅದನ್ನು ಸರಿಪಡಿಸಿಕೊಳ್ಳುವುದೂ ಅಲ್ಲೇ. ನಮ್ಮವರು ಮಾಡುವ ತಪ್ಪುಗಳು ಎರಡು. ಗಂಡ-ಹೆಂಡತಿ ಒಂದೇ ಕಾರ್ಡಿನಲ್ಲಿ ಹೋಗಲು ನೋಡುವುದು ಮೊದಲನೆಯದು. ಅದು ಆಗುವುದಿಲ್ಲ, ಒಬ್ಬರಿಗೆ ಒಂದು ಕಾರ್ಡು. ಎರಡನೆಯದು ಇನ್ನೂ ಸೂಕ್ಷ್ಮ: ಬೆಳಿಗ್ಗೆ ಕಾರ್ಡು, ಸಂಜೆ ಅದೇ ಕಾರ್ಡು ಕೂತಿರುವ ಫೋನು. ಬ್ಯಾಂಕಿಗೆ ಅದು ಒಂದೇ ಖಾತೆ, ಗೇಟಿಗೆ ಎರಡು ಬೇರೆ ಬೇರೆ ವಸ್ತು. ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಎಂಬ ಮಿತಿ, ಅದೇ ಎಲ್ಲರೂ ಹೇಳುವ 'ಕ್ಯಾಪ್', ಆಗ ಲೆಕ್ಕಕ್ಕೆ ಬರುವುದಿಲ್ಲ. ವಾರದ ಕ್ಯಾಪ್ ಕೂಡ ಇದೆ, ಅದು ಸೋಮವಾರದಿಂದ ಭಾನುವಾರದವರೆಗೆ. ಬುಧವಾರ ಶುರುಮಾಡಿ ಮುಂದಿನ ಮಂಗಳವಾರದವರೆಗೆ ಎಣಿಸಬೇಡಿ. ಭಾರತದ ಕಾರ್ಡಿನಲ್ಲಿ ಟ್ಯಾಪ್ ಮಾಡಿದರೆ ನಿಮ್ಮ ಬ್ಯಾಂಕು ವಿದೇಶಿ ವಹಿವಾಟಿನ ಶುಲ್ಕ ಹಾಕಬಹುದು, ಇಲ್ಲಿನ ಖಾತೆ ತೆರೆಯುವವರೆಗೆ ಮೊದಲೇ ದುಡ್ಡು ತುಂಬಿಸಿ ಬಳಸುವ ಆಯ್‌ಸ್ಟರ್ ಕಾರ್ಡು ವಾಸಿ.

ಆಯ್‌ಸ್ಟರ್ ಅಂದಾಗ ಸ್ಲೌ, ಮೇಡನ್‌ಹೆಡ್, ರೆಡಿಂಗ್ ಕಡೆ ಮನೆ ಮಾಡಿರುವವರು ಸ್ವಲ್ಪ ಕಿವಿಗೊಡಿ. ನಿಮ್ಮ ಕಡೆಯಿಂದ ಲಂಡನ್ನಿಗೆ ಓಡುವ ಎಲಿಜಬೆತ್ ಲೈನ್ ಒಂದೇ ಲೈನಾದರೂ ಆಯ್‌ಸ್ಟರ್ ನಡೆಯುವುದು ವೆಸ್ಟ್ ಡ್ರೇಟನ್‌ವರೆಗೆ ಮಾತ್ರ. ಅದರಾಚೆ ಐವರ್‌ನಿಂದ ರೆಡಿಂಗ್‌ವರೆಗೆ ಬ್ಯಾಂಕಿನ ಕಾಂಟ್ಯಾಕ್ಟ್‌ಲೆಸ್ ಕಾರ್ಡು ಅಥವಾ ಮಾಮೂಲಿ ಟಿಕೆಟ್ ಬೇಕು. ಟಿಎಫ್‌ಎಲ್ ತಾಣದಲ್ಲಿ ಯಾವ ಸ್ಟೇಷನ್ನಿನಲ್ಲಿ ಯಾವುದು ನಡೆಯುತ್ತದೆ ಎಂಬ ನಕ್ಷೆಯೇ ಇದೆ, ಆದರೆ ನಿದ್ದೆಗಣ್ಣಿನಲ್ಲಿ ಗೇಟು ದಾಟುವವರು ಯಾರು ನಕ್ಷೆ ನೋಡುತ್ತಾರೆ? ಸರಿಯಾದ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಇಂಗ್ಲೆಂಡಿನಲ್ಲಿ ಪೆನಾಲ್ಟಿ ಫೇರ್ 100 ಪೌಂಡ್, 21 ದಿನದೊಳಗೆ ಕಟ್ಟಿದರೆ 50. ರೈಲಿನಲ್ಲಾದರೆ ಇದರ ಮೇಲೆ ಟಿಕೆಟ್ಟಿನ ದುಡ್ಡು ಬೇರೆ. "ಗೊತ್ತಿರಲಿಲ್ಲ ಸಾರ್" ಅಂದರೆ ಕೇಳುವವರಿಲ್ಲ. ಅನ್ಯಾಯ ಆಗಿದೆ ಅನ್ನಿಸಿದರೆ ಮೇಲ್ಮನವಿಗೆ ಅವಕಾಶವಿದೆ, ಅದಕ್ಕೂ 21 ದಿನವೇ ಗಡುವು.

ಯಾವ ಲೈನು ಹೇಗೆ ಓಡುತ್ತಿದೆ ಅಂತ ತೋರಿಸುವ ಸ್ಟೇಟಸ್ ಪುಟ ಓದುವುದಕ್ಕೂ ಸ್ವಲ್ಪ ಪಳಗಬೇಕು. 'ಮೈನರ್ ಡಿಲೇಸ್' ಅಂದರೆ ಹೊರಡಿ, ಸ್ವಲ್ಪ ಬೇಗ ಹೊರಡಿ. 'ಸಿವಿಯರ್' ಅಂದರೆ ಬೇರೆ ದಾರಿ ಹುಡುಕಿ. 'ಪ್ಲ್ಯಾನ್ಡ್ ಕ್ಲೋಷರ್' ಎಂಬುದು ಇವತ್ತಿನ ಅನಾಹುತ ಅಲ್ಲ, ಮೊದಲೇ ತೀರ್ಮಾನವಾದದ್ದು. ಅದು ಮುಂಚೆಯೇ ಪ್ರಕಟವಾಗಿರುತ್ತದೆ. ಟಿಎಫ್‌ಎಲ್‌ನ ಸ್ಟೇಟಸ್ ಪುಟದಲ್ಲಿ 'ಈ ವಾರಾಂತ್ಯ' ಅಂತ ಆರಿಸಿಕೊಳ್ಳಬಹುದು, ನ್ಯಾಷನಲ್ ರೈಲ್‌ನಲ್ಲಿ ಮುಂದಿನ ಎಂಜಿನಿಯರಿಂಗ್ ಕೆಲಸಗಳ ಪಟ್ಟಿಯೇ ಇದೆ. ನನ್ನ ಪದ್ಧತಿ ಇದು: ಟಿಕೆಟ್ ಕೊಳ್ಳುವಾಗ ಒಮ್ಮೆ, ಹಿಂದಿನ ರಾತ್ರಿ ಒಮ್ಮೆ, ಚಪ್ಪಲಿ ಮೆಟ್ಟುವ ಮುಂಚೆ ಇನ್ನೊಮ್ಮೆ. ಹೆಂಡತಿ ಇದನ್ನು ಸಂಧ್ಯಾವಂದನೆ ಅಂತ ಕರೆಯುತ್ತಾಳೆ. ಕರೆಯಲಿ, ಒಬ್ಬಟ್ಟು ತಪ್ಪಿಸಿಕೊಂಡವನಿಗೇ ಅದರ ಬೆಲೆ ಗೊತ್ತು.

ಊರಿಂದ ಊರಿಗೆ ಹೋಗುವ ಟಿಕೆಟ್ಟಿನಲ್ಲಿ ಮೂರು ಹೆಸರು ನೆನಪಿರಲಿ. 'ಅಡ್ವಾನ್ಸ್' ಅಗ್ಗ, ಆದರೆ ಆ ಒಂದೇ ಟ್ರೈನಿಗೆ ಕಟ್ಟಿಹಾಕುತ್ತದೆ. 'ಎನಿಟೈಮ್' ದುಬಾರಿ, ಯಾವಾಗ ಬೇಕಾದರೂ ಹತ್ತಿ. ನಡುವಿನ 'ಆಫ್-ಪೀಕ್', ಅಂದರೆ ಜನಸಂದಣಿ (ಪೀಕ್) ಇಲ್ಲದ ಹೊತ್ತಿನದು, ಇದೆಯಲ್ಲ, ಅದರಲ್ಲೇ ಎಲ್ಲರೂ ಎಡವುವುದು. ಆಫ್-ಪೀಕ್ ಎಷ್ಟು ಗಂಟೆಗೆ ಶುರು ಅಂತ ಕೇಳಿದರೆ ಇಡೀ ದೇಶಕ್ಕೆ ಒಂದೇ ಉತ್ತರ ಇಲ್ಲ. ಲಂಡನ್ನಿನ ನೆಲದಡಿಯ ರೈಲು, ಅಂದರೆ ಟ್ಯೂಬಿನಲ್ಲಿ, ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6.30ರಿಂದ 9.30, ಸಂಜೆ 4ರಿಂದ 7 ಪೀಕ್ ಅಂತ ಗಟ್ಟಿಯಾಗಿ ಹೇಳಬಹುದು. ದೂರದ ರೈಲಿನಲ್ಲಿ ದಾರಿಗೊಂದು ನಿಯಮ. ಟಿಕೆಟ್ ದರದ ಪಕ್ಕದ ಷರತ್ತಿನ ಕೊಂಡಿ ಒತ್ತಿದರೆ ಯಾವ ಸ್ಟೇಷನ್ನಿನಿಂದ ಎಷ್ಟು ಗಂಟೆಯ ಮೇಲೆ ಅಂತ ಅಕ್ಷರಶಃ ಬರೆದಿರುತ್ತದೆ. ಒತ್ತಿ, ಓದಿ. ಟಿಕೆಟ್ ಮೇಲೆ 'ಲಂಡನ್ ಟರ್ಮಿನಲ್ಸ್' ಅಂತಿದ್ದರೆ ಗಾಬರಿಯಾಗಬೇಡಿ, ಆ ಹೆಸರಿನ ಸ್ಟೇಷನ್ ಇಲ್ಲ. ನಿಮ್ಮ ದಾರಿಗೆ ಸಲ್ಲುವ ದೊಡ್ಡ ಸ್ಟೇಷನ್ನುಗಳ ಗುಂಪಿಗೆ ಇಟ್ಟ ಹೆಸರು ಅದು. ಬರ್ಮಿಂಗ್‌ಹ್ಯಾಮಿನಲ್ಲಿ ನ್ಯೂ ಸ್ಟ್ರೀಟ್, ಮೂರ್ ಸ್ಟ್ರೀಟ್, ಸ್ನೋ ಹಿಲ್ ಅಂತ ಮೂರಿವೆ, ಬದಲಿಸುವಾಗ ಹೆಸರು ಪೂರ್ತಿ ಓದಿ. ಇನ್ನೊಂದು: ಹೊರಡುವ ಸಮಯ ಅಂದರೆ ಚಕ್ರ ಉರುಳುವ ಸಮಯ. ಬಾಗಿಲು ಅದಕ್ಕೂ ಮೊದಲೇ ಮುಚ್ಚುತ್ತದೆ, ಕೆಲವು ಸ್ಟೇಷನ್ನುಗಳಲ್ಲಿ ಎರಡು ನಿಮಿಷ ಮುಂಚೆ.

ರೈಲ್‌ಕಾರ್ಡಿನ ವಿಷಯ ಬೇಗ ಮುಗಿಸುತ್ತೇನೆ. 2025ರ ಮಾರ್ಚ್‌ನಿಂದ ಬಹುತೇಕ ಕಾರ್ಡುಗಳು ವರ್ಷಕ್ಕೆ 35 ಪೌಂಡ್, ಟಿಕೆಟ್ಟಿನಲ್ಲಿ ಮೂರನೇ ಒಂದು ಪಾಲು ಕಡಿತ. ಓದಲು ಬಂದವರು 26 ದಾಟಿದ್ದರೂ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ 16-25 ಕಾರ್ಡು ಸಿಗುತ್ತದೆ. ಅದನ್ನು ಟ್ಯೂಬ್ ಸ್ಟೇಷನ್ನಿನ ಸಿಬ್ಬಂದಿಗೆ ಹೇಳಿ ಆಯ್‌ಸ್ಟರಿಗೆ ಜೋಡಿಸಿಕೊಂಡರೆ ಆಫ್-ಪೀಕ್ ಟ್ಯೂಬಿಗೂ ಕಡಿತ. ಬ್ಯಾಂಕ್ ಕಾರ್ಡಿಗೆ ಮಾತ್ರ ಜೋಡಿಸಲು ಬರುವುದಿಲ್ಲ.

ತಡವಾದ ಟ್ರೈನಿಗೆ ದುಡ್ಡು ವಾಪಸ್ ಬರುತ್ತದೆ ಅಂದರೆ ಹೊಸಬರು ನಂಬುವುದಿಲ್ಲ, ಹಳಬರು ಸೋಮಾರಿತನದಿಂದ ಕೇಳುವುದಿಲ್ಲ. ಇದಕ್ಕೆ 'ಡಿಲೇ ರಿಪೇ' ಅಂತ ಹೆಸರು. ಕೆಲವು ಕಂಪನಿಗಳಲ್ಲಿ 15 ನಿಮಿಷದಿಂದ, ಕೆಲವದರಲ್ಲಿ 30 ನಿಮಿಷದಿಂದ ಶುರು. 15 ನಿಮಿಷಕ್ಕೆ ಒಂದು ಕಡೆಯ ದರದ ಕಾಲು ಭಾಗ, ಅರ್ಧ ಗಂಟೆಗೆ ಅರ್ಧ, ಒಂದು ಗಂಟೆ ದಾಟಿದರೆ ಪೂರ್ತಿ. ಎರಡು ಗಂಟೆ ದಾಟಿ, ನಿಮ್ಮದು ರಿಟರ್ನ್ ಟಿಕೆಟ್ ಆಗಿದ್ದರೆ ಅದರ ಪೂರ್ತಿ ದುಡ್ಡು. ತಪ್ಪು ಯಾರದ್ದೇ ಆಗಿರಲಿ, ಹಿಮವೋ ಮರ ಬಿದ್ದದ್ದೋ, ಕೊಡುತ್ತಾರೆ. ಲೆಕ್ಕ ಹಾಕುವುದು ನೀವು ಕೊನೆಗೆ ಇಳಿಯಬೇಕಿದ್ದ ಸ್ಟೇಷನ್ನಿನಲ್ಲಿ. ಮೊದಲ ಟ್ರೈನು ಐದೇ ನಿಮಿಷ ತಡವಾಗಿ, ಅದರಿಂದ ಎರಡನೆಯದು ತಪ್ಪಿ ನೀವು ಮುಟ್ಟುವಾಗ ಒಂದು ಗಂಟೆ ತಡವಾದರೆ, ಅದು ಒಂದು ಗಂಟೆಯೇ. ಅರ್ಜಿ ಹಾಕಬೇಕಾದ್ದು ಮೊದಲು ತಡಮಾಡಿದ ಕಂಪನಿಗೆ, 28 ದಿನದೊಳಗೆ. ಟಿಕೆಟ್ಟಿನ ಫೋಟೊ ಇಟ್ಟುಕೊಳ್ಳಿ. ಟ್ಯೂಬಿನಲ್ಲೂ 15 ನಿಮಿಷ, ಎಲಿಜಬೆತ್ ಲೈನಿನಲ್ಲಿ 30 ನಿಮಿಷದ ಮೇಲೆ ಕೇಳಬಹುದು, ಆದರೆ ಅವರು ತಮ್ಮ ಕೈಮೀರಿದ ಕಾರಣಗಳಿಗೆ ಕೊಡುವುದಿಲ್ಲ. ಇನ್ನು ತಡವೋ ರದ್ದೋ ಆಯಿತೆಂದು ನೀವು ಪ್ರಯಾಣವನ್ನೇ ಬಿಟ್ಟರೆ ಅದು ಡಿಲೇ ರಿಪೇ ಅಲ್ಲ, ರಿಫಂಡು. ಅದನ್ನು ಕೇಳಬೇಕಾದ್ದು ಟಿಕೆಟ್ ಮಾರಿದವರ ಹತ್ತಿರ. ಈ ಎರಡನ್ನೂ ಕಲಸಿಕೊಂಡು ತಪ್ಪು ಬಾಗಿಲು ಬಡಿದು ನಾನೇ ಒಮ್ಮೆ ಹದಿನೈದು ದಿನ ಕಳೆದಿದ್ದೇನೆ.

ಕಂಪನಿ ಸರಿಯಾಗಿ ಉತ್ತರಿಸದಿದ್ದರೆ ದೂರು ವಿಚಾರಿಸುವ ರೈಲ್ ಓಂಬುಡ್ಸ್‌ಮನ್ ಇದ್ದಾರೆ, 2018ರಿಂದ. ಶುಲ್ಕವಿಲ್ಲ. ಆದರೆ ಮೊದಲು ಕಂಪನಿಗೆ ದೂರು ಕೊಟ್ಟಿರಬೇಕು. ಟಿಎಫ್‌ಎಲ್ ಮೇಲಿನ ದೂರಾದರೆ ಪ್ರಯಾಣಿಕರ ಪರ ನಿಲ್ಲುವ ಲಂಡನ್ ಟ್ರಾವೆಲ್‌ವಾಚ್.

ಮನೆ ಹುಡುಕುತ್ತಿರುವವರಿಗೆ ಒಂದು ಗುಟ್ಟು. ಓಆರ್‌ಆರ್, ಅಂದರೆ ಆಫೀಸ್ ಆಫ್ ರೈಲ್ ಅಂಡ್ ರೋಡ್ (ಮೊದಲು ಹೇಳಿದ ಕಣ್ಣಿಡುವವರು ಇವರೇ), ತನ್ನ ಅಂಕಿಅಂಶದ ತಾಣದಲ್ಲಿ ಕಂಪನಿವಾರು ಎಷ್ಟು ಟ್ರೈನು ಸಮಯಕ್ಕೆ ಬಂತು, ಎಷ್ಟು ರದ್ದಾಯಿತು ಅಂತ ಪ್ರಕಟಿಸುತ್ತದೆ. ಇಲ್ಲಿ 'ಆನ್ ಟೈಮ್' ಅಂದರೆ ಒಂದು ನಿಮಿಷಕ್ಕಿಂತ ಕಡಿಮೆ ತಡ. ಅದಕ್ಕೇ ಆ ಅಂಕಿ ನೋಡಿ ಮೊದಲು ಎದೆ ಧಸಕ್ಕೆನ್ನುತ್ತದೆ. ನೀವು ನೋಡಬೇಕಾದ್ದು ರದ್ದಾದವುಗಳ ಅಂಕಿ, ಎರಡು ನಿಮಿಷದ ತಡ ಯಾರ ಕೆಲಸವನ್ನೂ ಕೆಡಿಸುವುದಿಲ್ಲ. ಏಜೆಂಟು "ಸ್ಟೇಷನ್ ಐದೇ ನಿಮಿಷ" ಅನ್ನುತ್ತಾನೆ, ಅಲ್ಲಿ ಟ್ರೈನು ಬರುತ್ತದೆಯೇ ಅಂತ ಅವನು ಹೇಳುವುದಿಲ್ಲ.

ಬಸ್ಸಿನ ಮಾಹಿತಿಗೆ ಟ್ರಾವೆಲೈನ್ ಎಂಬ ತಾಣ ನೋಡಿ. ಇಂಗ್ಲೆಂಡಿನಲ್ಲಿ ಸರ್ಕಾರದ ದರಮಿತಿ ಯೋಜನೆಗೆ ಸೇರಿದ ಬಸ್ಸುಗಳಲ್ಲಿ ಒಂದು ಕಡೆಯ ಟಿಕೆಟ್ಟಿಗೆ 2025ರ ಜನವರಿಯಿಂದ ಗರಿಷ್ಠ 3 ಪೌಂಡ್. ಲಂಡನ್ ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ಆದರೆ ಮೊದಲ ಟ್ಯಾಪಿನಿಂದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಒಂದೇ ದರ.

ಅಪ್ಪ-ಅಮ್ಮ ಬಂದಾಗ ಇದೆಲ್ಲ ಇನ್ನೊಂದು ಬಗೆ. ಸೀನಿಯರ್ ರೈಲ್‌ಕಾರ್ಡಿಗೆ 60 ತುಂಬಿದ್ದರೆ ಸಾಕು, ಪಾಸ್‌ಪೋರ್ಟ್ ತೋರಿಸಿದರೆ ಆಯಿತು. ಉಚಿತ ಬಸ್ ಪಾಸು ಮಾತ್ರ ಇಲ್ಲಿನ ನಿವಾಸಿಗಳಿಗೆ, ಬಂದುಹೋಗುವವರಿಗಲ್ಲ. ಅಮ್ಮನಿಗೆ ಮಂಡಿನೋವಿದ್ದರೆ 'ಪ್ಯಾಸೆಂಜರ್ ಅಸಿಸ್ಟ್' ಕೇಳಿ. ಹೊರಡುವ ಎರಡು ಗಂಟೆ ಮುಂಚೆ ತಿಳಿಸಿದರೂ ಸಾಕು, ರ‍್ಯಾಂಪ್ ಹಿಡಿದು ಟ್ರೈನು ಹತ್ತಿಸಿ, ಇಳಿಯುವ ಕಡೆಯೂ ಒಬ್ಬರು ಕಾಯುತ್ತಾರೆ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ನನ್ನ ಅಮ್ಮ ಮೊದಲ ಸಲ ಅದನ್ನು ನೋಡಿ, ಆ ಹುಡುಗನಿಗೆ ಕೊಡಲು ಪರ್ಸಿನಲ್ಲಿ ಚಿಲ್ಲರೆ ಹುಡುಕುತ್ತಿದ್ದಳು.

ಅವರ ವಿಮಾನದ ಟಿಕೆಟ್ ತೆಗೆಯುವಾಗ ಮಾತ್ರ ತಾರೀಖು ನೋಡಿಕೊಳ್ಳಿ. ಡಿಸೆಂಬರ್ 25ಕ್ಕೆ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಡುವವರು ಪ್ರತಿ ವರ್ಷ ಒಬ್ಬರಾದರೂ ಇರುತ್ತಾರೆ. ಆ ದಿನ ಟ್ಯೂಬಿಲ್ಲ, ಲಂಡನ್ ಬಸ್ಸಿಲ್ಲ, ರೈಲೂ ಇಲ್ಲ. ಕಾರಿರುವ ಸ್ನೇಹಿತರಿಗೆ ಈಗಲೇ ಹೇಳಿಟ್ಟಿರಿ.