ಮಾತಾದ ಹಣಕ್ಕೆ ಪೆನ್ಸಿಲ್ ಗೆರೆ

ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಒಂಬತ್ತು ವರ್ಷ ಲೆಕ್ಕ ಬರೆದವಳು ನಾನು. ಚಾಲಿ ಅಡಿಕೆ ಎಷ್ಟು ಕ್ವಿಂಟಲ್ ಬಂತು, ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು, ದಲಾಲಿ ಎಷ್ಟು, ಕೊನೆಗೆ ಲಾಭ ಎಷ್ಟು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಮುಂದೆ ಕೂತರೆ ಕೈ ತಾನಾಗಿ ಓಡುತ್ತಿತ್ತು. ಆಮೇಲೆ ಬೆಂಗಳೂರಿನ ಒಂದು ಕಂಪನಿ, ಅಮೆರಿಕದ ಸಣ್ಣ ಊರುಗಳ ಮತ್ತು ಸೇವಾ ಸಂಸ್ಥೆಗಳ ಲೆಕ್ಕ ಬರೆಯುವ ಕೆಲಸವನ್ನು ಮನೆಯಿಂದಲೇ ಮಾಡಬಹುದು ಅಂದಿತು. ಆದರೆ ಮೂರು ತಿಂಗಳಲ್ಲಿ ಅವರ ಪರೀಕ್ಷೆ ಪಾಸಾಗಬೇಕು. ಕ್ಲಾಸ್ ಗೀಸ್ ಇಲ್ಲ, ಪುಸ್ತಕ ನೋಡಿ ಕಲಿಯಿರಿ ಅಂದರು. ತಮ್ಮ ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಆ ಲೆಕ್ಕದ ಒಂದು ಹಳೆ ಪಠ್ಯಪುಸ್ತಕ ಹುಡುಕಿ ಕಳಿಸಿದ. ಇಟ್ಟಿಗೆಯಷ್ಟು ದಪ್ಪ.

ಮೊದಲ ವಾರ ಏನೂ ತಲೆಗೆ ಹೋಗಲಿಲ್ಲ. ಮಂಡಿಯ ಬುದ್ಧಿ ಅಡ್ಡ ಬರುತ್ತಿತ್ತು. ಪ್ರತಿ ಲೆಕ್ಕದಲ್ಲೂ ನಾನು ಲಾಭ ಹುಡುಕುತ್ತಿದ್ದೆ. ಪುಸ್ತಕ ಕೇಳುತ್ತಿದ್ದದ್ದು ಬೇರೆ: ಈ ದುಡ್ಡು ಯಾವ ಕೆಲಸಕ್ಕೆ ಬಂತು? ಅದಕ್ಕೇ ಹೋಯಿತಾ? ಅಲ್ಲಿ ಒಂದು ಊರಿಗೆ ಒಂದೇ ಲೆಕ್ಕ ಅಲ್ಲ. ಜನರಲ್ ಫಂಡ್ ಬೇರೆ, ಸಾಲ ತೀರಿಸುವ ಫಂಡ್ ಬೇರೆ, ಕಟ್ಟಡ ಕಟ್ಟುವ ಫಂಡ್ ಬೇರೆ. ಪ್ರತಿಯೊಂದಕ್ಕೂ ತನ್ನದೇ ಡೆಬಿಟ್ಟು ಕ್ರೆಡಿಟ್ಟು, ಪ್ರತಿಯೊಂದೂ ತಾನೇ ತಾಳೆಯಾಗಬೇಕು.

ಇದು ಅರ್ಥವಾದದ್ದು ಅಪ್ಪನ ಡಬ್ಬಿಗಳಿಂದ. ಅಪ್ಪ ನಮ್ಮೂರ ದೇವಸ್ಥಾನದ ಲೆಕ್ಕ ನೋಡುತ್ತಿದ್ದವರು. ನಂದಾದೀಪದ ದುಡ್ಡು ಒಂದು ಡಬ್ಬಿ, ಸಂತರ್ಪಣೆಯದ್ದು ಇನ್ನೊಂದು. ಎಣ್ಣೆ ತರಲು ನೂರು ರೂಪಾಯಿ ಕಡಿಮೆ ಬಿದ್ದರೂ ಸಂತರ್ಪಣೆ ಡಬ್ಬಿಗೆ ಕೈ ಹಾಕುತ್ತಿರಲಿಲ್ಲ. ಹಾಕಲೇಬೇಕಾಗಿ ಬಂದರೆ ಚೀಟಿ ಬರೆದಿಡುತ್ತಿದ್ದರು. ಪುಸ್ತಕದಲ್ಲಿ ಇದಕ್ಕೆ ಇಂಟರ್‌ಫಂಡ್ ಸಾಲ ಅಂತ ಹೆಸರು.

ನಿಜವಾಗಿ ತಲೆ ಕೆಡಿಸಿದ್ದು ಬಜೆಟ್ ಅಧ್ಯಾಯ. ಮಂಡಿಯಲ್ಲಿ ಬಜೆಟ್ ಅಂದರೆ ಯಜಮಾನರ ತಲೆಯಲ್ಲಿ ಇರುವ ಅಂದಾಜು. ಇಲ್ಲಿ ಅದನ್ನೂ ಜರ್ನಲ್ ಎಂಟ್ರಿ ಮಾಡಬೇಕು. ಅದೂ ಉಲ್ಟಾ! ಆದಾಯ ಕ್ರೆಡಿಟ್ ಅಂತ ಕಾಲೇಜಿನಿಂದ ಬಾಯಿಪಾಠ. ಆದರೆ ಅಂದಾಜು ಆದಾಯ ಡೆಬಿಟ್, ಮಂಜೂರಾದ ಖರ್ಚು ಕ್ರೆಡಿಟ್. ವರ್ಷವಿಡೀ ನಿಜವಾದ ಆದಾಯ ಎದುರು ಬದಿಗೆ ಬಿದ್ದು, ಇನ್ನೆಷ್ಟು ಬರಬೇಕು ಅನ್ನುವುದು ಲೆಡ್ಜರಿನಲ್ಲೇ ಕಾಣಲಿ ಅಂತ ಈ ಏರ್ಪಾಡು. ಇಷ್ಟು ತಿಳಿಯಲು ಆ ಅಧ್ಯಾಯವನ್ನು ಮೂರು ಸಲ ಓದಿದೆ.

ಅದರ ಬೆನ್ನಿಗೇ ಎನ್‌ಕಂಬ್ರನ್ಸ್. ಊರಾಡಳಿತ 30,000 ಡಾಲರಿನ ಕಾರಿಗೆ ಆರ್ಡರ್ ಕೊಟ್ಟಿತು ಅನ್ನಿ. ಕಾರು ಬಂದಿಲ್ಲ, ಬಿಲ್ಲೂ ಬಂದಿಲ್ಲ. ಆದರೂ ಅಷ್ಟು ಹಣವನ್ನು ಕಟ್ಟಿಹಾಕಿ ಎಂಟ್ರಿ ಮಾಡಬೇಕು. ಬಿಲ್ಲು 29,500ಕ್ಕೆ ಬಂದರೆ ಮೊದಲಿನ 30,000ದ ಎಂಟ್ರಿಯನ್ನು ಪೂರ್ತಿ ತಿರುಗಿಸಿ, 29,500 ಖರ್ಚು ಬರೆಯಬೇಕು. ನಾನು ಮೊದಮೊದಲು 29,500 ಮಾತ್ರ ತಿರುಗಿಸುತ್ತಿದ್ದೆ. ಉಳಿದ 500 ಯಾರಿಗೂ ಸಿಗದೆ ಲೆಡ್ಜರಿನಲ್ಲಿ ನೇತಾಡುತ್ತಿತ್ತು.

ಆಷಾಢದ ಮಳೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಹಾಗಾಗಿ ಲ್ಯಾಪ್‌ಟಾಪ್ ಬಿಟ್ಟು ಉದ್ದ ನೋಟ್‌ಬುಕ್ ಹಿಡಿದೆ. ಅದೇ ಒಳ್ಳೆಯದಾಯಿತು. ಪುಸ್ತಕದ ಪ್ರತಿ ವ್ಯವಹಾರವನ್ನೂ ಎರಡು ಸಲ ಬರೆದೆ. ಎಡ ಪುಟದಲ್ಲಿ ಫಂಡಿನ ಲೆಕ್ಕ, ಬಲ ಪುಟದಲ್ಲಿ ಇಡೀ ಊರಾಡಳಿತದ ಲೆಕ್ಕ. ಅಗ್ನಿಶಾಮಕ ಲಾರಿ ಕೊಂಡರೆ ಎಡಕ್ಕೆ ಪೂರ್ತಿ ಖರ್ಚು, ಸವಕಳಿ ಇಲ್ಲ. ಬಲಕ್ಕೆ ಅದು ಆಸ್ತಿ, ವರ್ಷವರ್ಷ ಸವಕಳಿ. ಬಾಂಡ್ ಮಾರಿ ಸಾಲ ತಂದರೆ ಎಡಕ್ಕೆ ಹಣ ಬಂದ ಇನ್ನೊಂದು ದಾರಿ ಅಷ್ಟೇ, ಬಲಕ್ಕೆ ತೀರಿಸಬೇಕಾದ ಸಾಲ. ಅಮೆರಿಕದಲ್ಲಿ ಸರ್ಕಾರಿ ಲೆಕ್ಕದ ನಿಯಮ ಮಾಡುವ ಮಂಡಳಿ 1999ರಲ್ಲಿ ತಂದ 34ನೇ ನಿಯಮದಿಂದ ಈ ಎರಡು ನೋಟಗಳನ್ನೂ ಕೊಡಬೇಕಾಯಿತು. ಎರಡರ ನಡುವಿನ ವ್ಯತ್ಯಾಸಕ್ಕೆ ಒಂದು ತಾಳೆಪಟ್ಟಿಯೂ ಬೇಕು. ನೋಟ್‌ಬುಕ್ಕಿನ ಎರಡು ಪುಟ ಎದುರುಬದುರು ಇದ್ದರೆ ಆ ಪಟ್ಟಿ ತಾನೇ ಕಣ್ಣಿಗೆ ಬೀಳುತ್ತದೆ. ಸುಮ್ನೆ ಓದಿದರೆ ಬೀಳುವುದಿಲ್ಲ, ಇದಂತೂ ಖಂಡಿತ.

ಹಳೆ ಪುಸ್ತಕ ನನಗೆ ಒಂದು ಏಟು ಕೊಟ್ಟಿತು. ಸೇವಾ ಸಂಸ್ಥೆಗಳ ಭಾಗದಲ್ಲಿ ಆಸ್ತಿಯನ್ನು ಮೂರು ಗುಂಪು ಮಾಡಿತ್ತು: ನಿರ್ಬಂಧ ಇಲ್ಲದ್ದು, ತಾತ್ಕಾಲಿಕ ನಿರ್ಬಂಧದ್ದು, ಶಾಶ್ವತ ನಿರ್ಬಂಧದ್ದು. ಶ್ರದ್ಧೆಯಿಂದ ಕಲಿತೆ. ಮಾದರಿ ಪರೀಕ್ಷೆಯಲ್ಲಿ ಆ ಭಾಗವೆಲ್ಲಾ ತಪ್ಪು. ಸೇವಾ ಸಂಸ್ಥೆಗಳ ಲೆಕ್ಕಕ್ಕೆ ನಿಯಮ ಮಾಡುವವರು 2016ರಲ್ಲೇ ಮೂರನ್ನು ಎರಡು ಮಾಡಿದ್ದರು. ದಾನಿ ಷರತ್ತು ಹಾಕಿದ್ದು, ಹಾಕದ್ದು, ಅಷ್ಟೇ. ಮುದ್ರಣದ ವರ್ಷ ನೋಡದೆ ಹಳೆ ಪಠ್ಯಪುಸ್ತಕ ಕೊಳ್ಳಬೇಡಿ. ನನಗೆ ಎರಡು ವಾರ ಹೋಯಿತು.

ದೇಣಿಗೆ ಮಾತು ಕೊಡುವ ಲೆಕ್ಕ ಮಾತ್ರ ಸಲೀಸಾಯಿತು. ದೇವಸ್ಥಾನದ ಮೀಟಿಂಗಿನಲ್ಲಿ ಒಬ್ಬರು “ಅಡಿಕೆ ಕೊಟ್ಟ ಮೇಲೆ ಹತ್ತು ಸಾವಿರ ಕೊಡ್ತೇನೆ” ಅನ್ನುತ್ತಾರೆ. ಇನ್ನೊಬ್ಬರು “ನೀವು ಇಷ್ಟೇ ದುಡ್ಡು ಬೇರೆ ಕಡೆಯಿಂದ ಕೂಡಿಸಿದರೆ ಮಾತ್ರ ನನ್ನದು” ಅನ್ನುತ್ತಾರೆ. ಅಮೆರಿಕದ ನಿಯಮದಲ್ಲಿ ಮೊದಲನೆಯದು ಬರೀ ಕಾಲದ ಮಾತು, ಇವತ್ತೇ ಆದಾಯ. ಎರಡನೆಯದು ಷರತ್ತು ಪೂರೈಸುವ ತನಕ ಆದಾಯವೇ ಅಲ್ಲ.

ಪರೀಕ್ಷೆ ಪಾಸಾಯಿತು, ಅಂಕ ಹೇಳುವಂಥದ್ದಲ್ಲ. ಪಿಂಚಣಿ ಅಧ್ಯಾಯ ಅರ್ಧಕ್ಕೆ ಬಿಟ್ಟಿದ್ದೆ, ಇನ್ನೂ ಹಾಗೇ ಇದೆ. ನಮ್ಮ ಕಡೆಯ ಕೆಲಸಕ್ಕೆ ಇದೆಲ್ಲಾ ಹಾಗ್ಹಾಗೇ ಹೊಂದುವುದಿಲ್ಲ ಅನ್ನುವುದನ್ನೂ ಹೇಳಬೇಕು. ನಮ್ಮ ಸರ್ಕಾರದ ಲೆಕ್ಕ ಬಹುಪಾಲು ನಗದು ಬಂದಾಗ, ಹೋದಾಗ ಬರೆಯುವಂಥದ್ದು. ಕರ್ನಾಟಕದ ನಗರಸಭೆ, ಪಟ್ಟಣ ಪಂಚಾಯಿತಿಗಳಿಗೆ ಮಾತ್ರ 2006ರ ನಿಯಮದಿಂದ ಫಂಡ್ ಆಧಾರಿತ ಜೋಡಿ ನಮೂದು (ಡಬಲ್ ಎಂಟ್ರಿ) ಪದ್ಧತಿ ಬಂದಿದೆ. ಆ ಕೆಲಸಕ್ಕೆ ಹೋಗುವವರು ಅಮೆರಿಕದ ಪುಸ್ತಕಕ್ಕಿಂತ ಮೊದಲು ಆ ನಿಯಮ ಓದುವುದು ಒಳ್ಳೆಯದು.

ಅಪ್ಪನ ಕಿರ್ದಿ ಪುಸ್ತಕ ಈಗ ನನ್ನ ಹತ್ತಿರ ಇದೆ. ಅದರಲ್ಲಿ ಕೆಲವು ಸಾಲು ಪೆನ್ಸಿಲಿನಲ್ಲಿವೆ. “ಶಾಮಿಯಾನ, ಮಾತಾಗಿದೆ.” “ಅಡುಗೆಯವರು, ಮಾತಾಗಿದೆ.” ದುಡ್ಡು ಕೊಟ್ಟ ದಿನ ಅದನ್ನು ಅಳಿಸಿ ಪೆನ್ನಿನಲ್ಲಿ ಬರೆಯುತ್ತಿದ್ದರು. ಎನ್‌ಕಂಬ್ರನ್ಸ್ ಅಂತ ನಾನು ಬೆವರು ಸುರಿಸಿದ್ದು ಇದಕ್ಕೇ ಅಲ್ವಾ! ಪುಸ್ತಕದ ಅಂಚಿನಲ್ಲಿ ಅದರ ಪಕ್ಕ “ಮಾತಾದ ಹಣ” ಅಂತ ಬರೆದುಕೊಂಡೆ.

ಹೋದ ವರ್ಷ ಉತ್ಸವಕ್ಕೆ ಮೊದಲು ಮೊಕ್ತೇಸರರು ಪಾಸ್‌ಬುಕ್ ಹಿಡಿದು ಬಂದರು. ಬ್ಯಾಂಕಿನಲ್ಲಿ 3,40,000 ಇದೆ, ಸ್ವಂತ ಮೈಕ್ ಸೆಟ್ ತಂದುಬಿಡೋಣ ಅಂದರು. ನಾನು ಹಾಳೆ ತೆಗೆದು ಬರೆದೆ. ಗರ್ಭಗುಡಿಯ ತಾಮ್ರದ ಹೊದಿಕೆಗೇ ಅಂತ ಕೊಟ್ಟದ್ದು 2,00,000. ಶಾಮಿಯಾನ, ಅಡುಗೆಯವರಿಗೆ ಮಾತಾದದ್ದು 95,000. ಉಳಿದದ್ದು 45,000. ಅವರು ಹಾಳೆಯನ್ನು ಎರಡು ಸಲ ನೋಡಿ, ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು.

“ಹಂಗಾದ್ರೆ ತಂಗಿ, ಮೈಕು ಈ ವರ್ಷವೂ ಬಾಡಿಗೆಗೇ.”